ಕತ್ತಿ ಒಬ್ಬನದು, ಕೆತ್ತಿದ ಹೆಸರು ಇನ್ನೊಬ್ಬನದು

ತುಂಗಭದ್ರೆಯ ದಂಡೆಯ ಹಾವನೂರು ಇಂದು ದ್ಯಾಮವ್ವನಿಂದ ಹೆಸರಾದ ಊರು. ಆ ಊರಿನ ಬಳಿ 1803ರ ಮಾರ್ಚ್ 12ರಂದು ಇಂಗ್ಲಿಷರ ದೊಡ್ಡ ದಂಡೊಂದು ಹೊಳೆ ದಾಟಿತು. ಮುಂದಾಳು ಮೇಜರ್ ಜನರಲ್ ಆರ್ಥರ್ ವೆಲ್ಲೆಸ್ಲಿ. ಆಗ ಅವನಿಗೆ ಮೂವತ್ಮೂರು ವರ್ಷ. ಹಿಂದೆ ಮದರಾಸಿನ ಸಿಪಾಯಿಗಳು, ದಿವಾನ್ ಪೂರ್ಣಯ್ಯ ಮೈಸೂರಿನಿಂದ ಕಳಿಸಿಕೊಟ್ಟ ಕುದುರೆ ಸವಾರರು, ತೋಪು ಎಳೆಯುವ ಮೈಸೂರು ಸೀಮೆಯ ಎತ್ತುಗಳು, ದವಸದ ಹೇರು ಹೊತ್ತ ಲಂಬಾಣಿಗರು. ಪದಚ್ಯುತನಾಗಿದ್ದ ಪೇಶ್ವೆ ಎರಡನೇ ಬಾಜಿರಾಯನನ್ನು ಪುಣೆಯ ಗಾದಿಯ ಮೇಲೆ ಮತ್ತೆ ಕೂರಿಸುವುದು ಈ ದಂಡಯಾತ್ರೆಯ ನೆಪ. ಏಪ್ರಿಲ್ 20ಕ್ಕೆ ವೆಲ್ಲೆಸ್ಲಿ ಪುಣೆ ಮುಟ್ಟಿದ. ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಸಿಂಧ್ಯ ಮತ್ತು ಭೋಸಲೆಯರ ಸೇನೆಯನ್ನು ಸೋಲಿಸಿದ. ಆ ಒಂದೇ ದಿನ ಅವನ ಕಡೆಯವರಲ್ಲಿ 428 ಜನ ಸತ್ತರು, 1,138 ಜನ ಗಾಯಗೊಂಡರು.

ಗೆಲುವಿನ ಸುದ್ದಿ ಕಲ್ಕತ್ತೆಗೆ ಹೋಯಿತು. ಅಲ್ಲಿನ ಬ್ರಿಟಿಷ್ ನಿವಾಸಿಗಳು ಸಭೆ ಸೇರಿ, ಸಾವಿರ ಪೌಂಡ್ ಬೆಲೆಯ ಖಡ್ಗವೊಂದನ್ನು ವೆಲ್ಲೆಸ್ಲಿಗೆ ಅರ್ಪಿಸಲು ತೀರ್ಮಾನಿಸಿದರು. ಅವನ ಕೈಕೆಳಗಿನ ಅಧಿಕಾರಿಗಳು ಪ್ರತ್ಯೇಕವಾಗಿ ಎರಡು ಸಾವಿರ ಗಿನಿ ಬೆಲೆಯ ಚಿನ್ನದ ಹೂಜಿ ಕೊಡುವುದಾಗಿ ಸಾರಿದರು. ಹಾವನೂರಿನಲ್ಲಿ ನೀರಿಗಿಳಿದ ಎತ್ತಿನ ಜೊತೆಗಿದ್ದವನಿಗೆ, ಅಸ್ಸಾಯೆಯಲ್ಲಿ ಕಾಲು ಕಳೆದುಕೊಂಡ ಸಿಪಾಯಿಗೆ ಈ ಖಡ್ಗದಲ್ಲಿ ಪಾಲಿರಲಿಲ್ಲ. ಅವರ ಹೆಸರನ್ನು ಅದರ ಮೇಲೆ ಕೆತ್ತುವ ವಿಚಾರ ಯಾರಿಗೂ ಬಂದಿರಲಾರದು.

ಸನ್ಮಾನದ ಖಡ್ಗಗಳ ಬಗ್ಗೆ ಬರೆಯಹೊರಟಾಗ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಇದು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸುತ್ತಲಿನ ನಮ್ಮ ಸೀಮೆ ಸಾವಿರ ವರ್ಷಗಳಿಂದ ದಂಡುಗಳ ಹಾದಿ. ಇಲ್ಲಿ ಕಾದಾಡಿದವರಿಗೆ ಬಗೆಬಗೆಯ ಗೌರವಗಳು ಸಂದಿವೆ. ಕೆಲವು ಇವತ್ತಿಗೂ ಮಳೆಬಿಸಿಲಲ್ಲಿ ಗುಡಿಯ ಪಕ್ಕ ನಿಂತಿವೆ, ಕೆಲವು ಲಂಡನ್ನಿನ ಹರಾಜುಕಟ್ಟೆಯಲ್ಲಿ ಕೋಟಿಗಟ್ಟಲೆ ಬಾಳುತ್ತಿವೆ. ಎರಡನ್ನೂ ಒಂದೇ ಕಣ್ಣಿನಿಂದ, ಅಂದರೆ ಶಾಸನ ಓದುವ ಕಣ್ಣಿನಿಂದ ಓದಬೇಕು ಎನ್ನುವುದು ನನ್ನ ವಾದ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾಕೆ ಕೊಟ್ಟರು ಎಂಬುದನ್ನು ಖಡ್ಗವೇ ಹೇಳುತ್ತದೆ. ಯಾರನ್ನು ಬಿಟ್ಟರು ಎಂಬುದನ್ನು ನಾವು ಹುಡುಕಬೇಕು.

ಮೊದಲು ಈ ಖಡ್ಗಗಳ ಜಾತಿ ಯಾವುದೆಂದು ತಿಳಿಯೋಣ. ಸೈನ್ಯಾಧಿಕಾರಿ ಸೊಂಟಕ್ಕೆ ಕಟ್ಟಿಕೊಂಡು ರಣಕ್ಕೆ ಹೋಗುವ ಕತ್ತಿ ಬೇರೆ. ಗೆದ್ದು ಬಂದವನಿಗೆ ಊರವರು, ರೆಜಿಮೆಂಟು, ಸರ್ಕಾರ ಅಥವಾ ವರ್ತಕರ ಸಂಘ ಒಪ್ಪಿಸುವ ಕತ್ತಿ ಬೇರೆ. ಎರಡನೆಯದು ಕಾದುವುದಕ್ಕಲ್ಲ, ಮೆರೆಸುವುದಕ್ಕೆ. ಅದರ ಅಲಗಿನ ಮೇಲೋ ಒರೆಯ ಮೇಲೋ ಪಡೆದವನ ಹೆಸರು, ಹುದ್ದೆ, ಗೆದ್ದ ಕದನ, ಕೊಟ್ಟವರ ಹೆಸರು, ತಾರೀಕು ಇರುತ್ತವೆ.

ಇಂಗ್ಲೆಂಡಿನಲ್ಲಿ ಈ ಪದ್ಧತಿ ಹುಲುಸಾಗಿ ಬೆಳೆದದ್ದು ನೆಪೋಲಿಯನ್ ಜೊತೆಗಿನ ಯುದ್ಧಗಳ ಕಾಲದಲ್ಲಿ. ಹಡಗು ವಿಮೆಯ ವರ್ತಕರು ಸೇರುತ್ತಿದ್ದ ಲಂಡನ್ನಿನ ಲಾಯ್ಡ್ಸ್ ಕೂಟ 1803ರಲ್ಲಿ ದೇಶಭಕ್ತಿ ನಿಧಿಯೊಂದನ್ನು ತೆರೆಯಿತು. ಗಾಯಾಳುಗಳಿಗೆ, ಸತ್ತವರ ಹೆಂಡಿರುಮಕ್ಕಳಿಗೆ ಹಣ ಹಂಚುವುದರ ಜೊತೆಗೆ ಶೂರ ಅಧಿಕಾರಿಗಳಿಗೆ ಖಡ್ಗ ಕೊಡುವುದೂ ಅದರ ಕೆಲಸವಾಯಿತು. ಅಲ್ಲಿಯೂ ದರ್ಜೆಯಿತ್ತು: ಹಡಗಿನ ಕ್ಯಾಪ್ಟನ್‌ಗೆ 100 ಪೌಂಡಿನದು, ಲೆಫ್ಟಿನೆಂಟ್‌ಗೆ 50 ಪೌಂಡಿನದು, ಅದಕ್ಕೂ ಕೆಳಗಿನವರಿಗೆ 30 ಪೌಂಡಿನದು. ಖಡ್ಗ ಬೇಡವೆಂದವರು ಬೆಳ್ಳಿಯ ಪಾತ್ರೆಯನ್ನೋ ನಗದನ್ನೋ ಪಡೆಯಬಹುದಿತ್ತು. ರಿಚರ್ಡ್ ಟೀಡ್ ಎಂಬ ಲಂಡನ್ ವ್ಯಾಪಾರಿ ಅವನ್ನು ಒದಗಿಸುತ್ತಿದ್ದ. 1809ರ ಹೊತ್ತಿಗೆ ನಿಧಿಯವರು ಖಡ್ಗ ಕೊಡುವುದನ್ನು ನಿಲ್ಲಿಸಿ, ಹಣವನ್ನೆಲ್ಲ ಗಾಯಾಳುಗಳಿಗೂ ಅನಾಥರಿಗೂ ತಿರುಗಿಸಿದರು. ಅಷ್ಟು ಚಂದದ ಖಡ್ಗಗಳಿಗಿಂತ ಆ ತೀರ್ಮಾನವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಅವುಗಳ ಚಂದವೇನೂ ಸಾಮಾನ್ಯದ್ದಲ್ಲ. ಉಜ್ಜಿ ಹೊಳಪು ಕೊಟ್ಟ ಉಕ್ಕನ್ನು ಹದವಾಗಿ ಕಾಯಿಸಿದರೆ ಮೇಲ್ಮೈ ಮೊದಲು ಹುಲ್ಲಿನ ಹಳದಿಗೆ, ಆಮೇಲೆ ಕಂದಿಗೆ, ನೇರಳೆಗೆ ತಿರುಗಿ, ಸುಮಾರು 300 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕಡು ನೀಲಿಯಾಗುತ್ತದೆ. ಅಲ್ಲಿಗೆ ಬೆಂಕಿಯಿಂದ ತೆಗೆಯಬೇಕು. ಇನ್ನೊಂದು ಗಳಿಗೆ ಬಿಟ್ಟರೆ ಬಣ್ಣ ಮಾಸುತ್ತದೆ. ಬಳ್ಳಿ, ಬಾವುಟ, ಅಕ್ಷರಗಳು ಬರಬೇಕಾದ ಕಡೆ ಚಿನ್ನವನ್ನು ಪಾದರಸದಲ್ಲಿ ಕಲಸಿ ಬಳಿದು ಕಾಯಿಸುತ್ತಿದ್ದರು. ಪಾದರಸ ಹೊಗೆಯಾಗಿ ಹಾರಿಹೋಗಿ ಚಿನ್ನ ಉಕ್ಕಿಗೆ ಅಂಟಿಕೊಳ್ಳುತ್ತಿತ್ತು. ಆ ಹೊಗೆ ಕುಡಿದ ಕೆಲಸಗಾರರ ಕೈ ನಡುಗುತ್ತಿತ್ತು, ಹಲ್ಲು ಸಡಿಲವಾಗುತ್ತಿತ್ತು. ನೀಲಿ ಅಲಗಿನ ಮೇಲೆ ಚಿನ್ನದಲ್ಲಿ ಹೊಳೆಯುವುದು ಒಬ್ಬ ಅಧಿಕಾರಿಯ ಹೆಸರು. ಅದನ್ನು ಅಲ್ಲಿ ಹೊಳೆಯಿಸಿದವರು ವಿಷದ ಹೊಗೆಯಲ್ಲಿ ದುಡಿದವರು.

ನಮ್ಮ ಸೇನೆಯಲ್ಲೂ ಈ ಗೌರವ ಉಳಿದಿದೆ, ಆದರೆ ಹೊಸ ಅರ್ಥದಲ್ಲಿ. 1932ರಲ್ಲಿ ಶುರುವಾದ ಡೆಹರಾಡೂನಿನ ಭಾರತೀಯ ಸೇನಾ ಅಕಾಡೆಮಿಯಲ್ಲಿ ಪ್ರತಿ ತಂಡದ ಅತ್ಯುತ್ತಮ ಕೆಡೆಟ್‌ಗೆ ಗೌರವದ ಖಡ್ಗ ಕೊಡುತ್ತಾರೆ. ಮೊಟ್ಟಮೊದಲ ತಂಡದಲ್ಲಿ ಸ್ಯಾಮ್ ಮಾಣೆಕ್‌ಶಾ ಇದ್ದರು. ಖಡ್ಗ ಗೆದ್ದವರು ಮಾತ್ರ ಅವರಲ್ಲ, ಬರ್ಮಾದ ಸ್ಮಿತ್ ಡನ್. ಮುಂದೆ ಆತ ಸ್ವತಂತ್ರ ಬರ್ಮಾದ ಸೇನೆಯ ಮೊದಲ ದಂಡನಾಯಕನಾದ. ಕದನ ಗೆದ್ದವನಿಗಲ್ಲ, ಕಲಿಕೆಯಲ್ಲಿ ಮುಂದಿದ್ದವನಿಗೆ ಕತ್ತಿ ಕೊಡುವುದು ಒಳ್ಳೆಯ ಬದಲಾವಣೆ.

ಇನ್ನು ಕನ್ನಡ ನಾಡಿಗೆ ಸೇರಿದ, ಜಗತ್ತಿನಲ್ಲೇ ಬಹಳ ಹೆಸರಾದ ಸನ್ಮಾನದ ಖಡ್ಗದ ಕಥೆ. ಇದು ಶ್ರೀರಂಗಪಟ್ಟಣದ್ದು. ಆದರೆ ಸವಣೂರನ್ನು ಬಿಟ್ಟು ಹೇಳಿದರೆ ಅರ್ಧವಷ್ಟೇ ಆಗುತ್ತದೆ.

1799ರ ಮೇ 4ರಂದು ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆಯ ಮೇಲೆ ನುಗ್ಗಿದ ಪಡೆಯ ನಾಯಕ ಮೇಜರ್ ಜನರಲ್ ಡೇವಿಡ್ ಬೇರ್ಡ್. ಈ ಸ್ಕಾಟ್ಲೆಂಡಿನವನಿಗೆ ಆ ಊರು ಹೊಸದಲ್ಲ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ನುಚ್ಚುನೂರು ಮಾಡಿದಾಗ ಗಾಯಗೊಂಡು ಸೆರೆಸಿಕ್ಕ ಅವನು, 1784ರಲ್ಲಿ ಸಂಧಿಯಾಗುವ ತನಕ ಶ್ರೀರಂಗಪಟ್ಟಣದಲ್ಲೇ ಕೈದಿಯಾಗಿದ್ದ. ಅದೇ ಊರಿನ ಗೋಡೆಯನ್ನು ಹದಿನೈದು ವರ್ಷಗಳ ಮೇಲೆ ಹತ್ತಿಳಿದ. ಟಿಪ್ಪು ಸುಲ್ತಾನ ಕೋಟೆಯೊಳಗೇ ಕಾದಾಡಿ ಮಡಿದ. ಊರು ಕೈಸೇರಿದ ಕೂಡಲೇ, ಅದನ್ನು ಗೆದ್ದ ಬೇರ್ಡ್‌ನನ್ನು ಪಕ್ಕಕ್ಕಿಟ್ಟು ಅವನಿಗಿಂತ ಕಿರಿಯನಾದ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ಅದರ ಆಡಳಿತ ಒಪ್ಪಿಸಿದರು. ವೆಲ್ಲೆಸ್ಲಿಯ ಅಣ್ಣ ಗವರ್ನರ್ ಜನರಲ್ ಆಗಿದ್ದ ಎಂಬುದನ್ನು ಯಾರೂ ಮರೆತಿರಲಿಲ್ಲ. ಬೇರ್ಡ್ ಕುದಿದುಹೋದ, ಮೇಲಿನವರಿಗೆ ದೂರು ಬರೆದ.

ಆ ಬೇರ್ಡ್‌ಗೆ ಸೇನೆಯ ಪರವಾಗಿ ಸಂದದ್ದು ಟಿಪ್ಪುವಿನ ಮಲಗುವ ಕೋಣೆಯಲ್ಲಿ ಸಿಕ್ಕಿತೆನ್ನಲಾದ ಖಡ್ಗ. ಅದರ ಹಿಡಿಕೆಯ ಮೇಲೆ ಕೋಫ್ತಗಾರಿ ಕೆಲಸವಿದೆ, ಅಂದರೆ ಉಕ್ಕಿನ ಮೈಯನ್ನು ಗೀರಿ ಒರಟಾಗಿಸಿ ಚಿನ್ನವನ್ನು ಬಡಿದು ಕೂರಿಸಿದ ಕುಸುರಿ. ಅಲ್ಲಾಹನ ಗುಣನಾಮಗಳನ್ನು ಚಿನ್ನದ ಅಕ್ಷರಗಳಲ್ಲಿ ಬರೆದಿದ್ದಾರೆ. ಅಲಗು ಹದಿನಾರನೇ ಶತಮಾನದಲ್ಲಿ ಭಾರತಕ್ಕೆ ಬಂದ ಜರ್ಮನ್ ಅಲಗುಗಳ ಮಾದರಿಯನ್ನು ಅನುಸರಿಸಿ ಮೊಗಲ್ ಕಮ್ಮಾರರು ಮಾಡಿದ್ದೆಂದು ಬಲ್ಲವರು ಹೇಳುತ್ತಾರೆ. ಇದರ ಜೊತೆಗೆ ಆಮೇಲೆ ಸೇರಿದ ಇಂಗ್ಲಿಷ್ ಬರಹ: ರಾಜಧಾನಿಯನ್ನು ಕಾಯುತ್ತ ಮಡಿದ ಟಿಪ್ಪುವಿನ ಖಡ್ಗ ಇದು, ದಾಳಿಯಲ್ಲಿ ಬೇರ್ಡ್ ತೋರಿದ ಧೈರ್ಯಕ್ಕೆ ಸೇನೆಯ ಮೆಚ್ಚುಗೆ ಇದು ಎಂಬ ತಾತ್ಪರ್ಯ. ಒಂದೇ ಕತ್ತಿಯ ಮೇಲೆ ಎರಡು ಒಡೆತನ. ಆಳುವ ಹುದ್ದೆ ವೆಲ್ಲೆಸ್ಲಿಗೆ ಹೋಯಿತು, ಗೆದ್ದವನ ಕೈಗೆ ಕತ್ತಿ ಬಂತು. ಸನ್ಮಾನದ ಖಡ್ಗಗಳಲ್ಲಿ ಎಷ್ಟೋ ಹೀಗೆ, ಕೊಡಬೇಕಾದುದನ್ನು ಕೊಡದೆ ಹೋದದ್ದಕ್ಕೆ ಸಮಾಧಾನವಾಗಿ ಬಂದವು ಎಂದು ನನಗನಿಸುತ್ತದೆ. 1803ರಲ್ಲಿ ಮರಾಠರ ಮೇಲಿನ ದಂಡಯಾತ್ರೆಯ ಮುಂದಾಳ್ತನವೂ ವೆಲ್ಲೆಸ್ಲಿಗೇ ಹೋದಾಗ ಬೇರ್ಡ್ ಬೇಸತ್ತು ಊರಿಗೆ ಹಡಗು ಹತ್ತಿದ. ಹಾವನೂರಿನಲ್ಲಿ ಹೊಳೆ ದಾಟಿದ್ದು ಅದೇ ದಂಡು.

2023ರ ಮೇ 23ರಂದು ಲಂಡನ್ನಿನ ಬಾನ್ಹಮ್ಸ್ ಹರಾಜಿನಲ್ಲಿ ಈ ಖಡ್ಗ 1,40,80,900 ಪೌಂಡಿಗೆ ಹೋಯಿತು, ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿಗೂ ಮಿಕ್ಕಿ. ಹರಾಜಿನವರು ಮೊದಲು ಅಂದಾಜಿಸಿದ್ದು 15ರಿಂದ 20 ಲಕ್ಷ ಪೌಂಡ್ ಮಾತ್ರ. ನಮ್ಮ ಓದುಗರಿಗೆ ಟಿಪ್ಪುವಿನ ಖಡ್ಗ ಎಂದೊಡನೆ ಉದ್ಯಮಿ ವಿಜಯ್ ಮಲ್ಯ 2003ರಲ್ಲಿ ಲಂಡನ್ನಿನಲ್ಲಿ ಕೊಂಡದ್ದು ನೆನಪಾಗುತ್ತದೆ. ಹುಲಿಪಟ್ಟೆಯ ಗುರುತಿನ, ಹುಲಿಮೊಗದ ಹಿಡಿಕೆಯ ಟಿಪ್ಪು ಕಾಲದ ಆಯುಧಗಳು ಬ್ರಿಟನ್ನಿನ ಸಂಗ್ರಹಗಳಲ್ಲಿ ಬೇಕಾದಷ್ಟಿವೆ. ಲೂಟಿಯಲ್ಲಿ ಸಿಕ್ಕಿದ್ದನ್ನು ದರ್ಜೆಯ ಪ್ರಕಾರ ಹಂಚಿಕೊಂಡಿದ್ದರು. ದರ್ಜೆಯ ಮಾತು ಬಂದಿತಲ್ಲ, ಶ್ರೀರಂಗಪಟ್ಟಣದ ಗೆಲುವಿಗಾಗಿ ಈಸ್ಟ್ ಇಂಡಿಯಾ ಕಂಪನಿ ಬರ್ಮಿಂಗ್‌ಹ್ಯಾಮಿನ ಟಂಕಸಾಲೆಯಲ್ಲಿ ಮಾಡಿಸಿದ ಪದಕವನ್ನೂ ನೋಡಬೇಕು. ಒಂದೇ ಅಚ್ಚು, ಸಿಂಹವೊಂದು ಹುಲಿಯನ್ನು ಕೆಡವಿರುವ ಚಿತ್ರ. ಲೋಹ ಮಾತ್ರ ಐದು ಬಗೆ: ಜನರಲ್‌ಗಳಿಗೆ ಚಿನ್ನ, ಅವರ ಕೆಳಗಿನ ಹಿರಿಯರಿಗೆ ಚಿನ್ನದ ನೀರು ಕುಡಿಸಿದ ಬೆಳ್ಳಿ, ಆಮೇಲಿನವರಿಗೆ ಬರೀ ಬೆಳ್ಳಿ, ಹವಾಲ್ದಾರ ದರ್ಜೆಗೆ ಕಂಚು, ಸಾಮಾನ್ಯ ಸಿಪಾಯಿಗೆ ತವರ.

ಸವಣೂರಿನ ಮಾತಿಗೆ ಬರುತ್ತೇನೆ. ವೀಳ್ಯದೆಲೆಗೂ ಖಾರಕ್ಕೂ ಹೆಸರಾದ ಈ ಊರು ಎರಡೂವರೆ ಶತಮಾನ ನವಾಬರ ರಾಜಧಾನಿ. 1686ರಲ್ಲಿ ಬಿಜಾಪುರ ಬಿದ್ದ ಮೇಲೆ ಮಿಯಾನಾ ಪಠಾಣರ ಅಬ್ದುಲ್ ರವೂಫ್ ಖಾನನಿಗೆ ಔರಂಗಜೇಬ 22 ಮಹಲುಗಳನ್ನೂ ದಿಲೇರ್ ಜಂಗ್ ಎಂಬ ಬಿರುದನ್ನೂ ಕೊಟ್ಟ. ಮೊಗಲರ ಮರ್ಯಾದೆಯಲ್ಲಿ ಬಿರುದಿನೊಂದಿಗೆ ಖಿಲ್ಲತ್ತು ಬರುತ್ತಿತ್ತು: ಉಡುಪು, ಕುದುರೆ ಅಥವಾ ಆನೆ, ಜೊತೆಗೆ ಕೆತ್ತನೆಯ ಕತ್ತಿ. ಅದನ್ನು ತೊಟ್ಟವನು ಕೊಟ್ಟವನಿಗೆ ತಲೆಬಾಗಿದವನು ಎಂದರ್ಥ. ಲಂಡನ್ನಿನ ವರ್ತಕರು ಕೊಡುತ್ತಿದ್ದ ಖಡ್ಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಇಂಗ್ಲಿಷರ ಖಡ್ಗ ಮುಗಿದ ಕೆಲಸಕ್ಕೆ ಕೊಟ್ಟ ಬಹುಮಾನವಾದರೆ, ಖಿಲ್ಲತ್ತಿನ ಕತ್ತಿ ಮುಂದೆ ಮಾಡಬೇಕಾದ ಚಾಕರಿಯ ಕರಾರು.

ನವಾಬರ ಚಾಕರಿ ಯಾರಿಗೆ ಎಂಬುದೇ ಅಲ್ಲಿಂದಾಚೆಗೆ ಸವಣೂರಿನ ಪ್ರಾಣಸಂಕಟವಾಯಿತು. 1756ರಲ್ಲಿ ಪೇಶ್ವೆಯೂ ನಿಜಾಮನೂ ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳೊಂದಿಗೆ ಬಂದು ಊರನ್ನು ಮುತ್ತಿದರು. 1764ರಲ್ಲಿ ಹೈದರಾಲಿ ಬಂದ. ಅವನ ಬೆನ್ನಟ್ಟಿ ಪೇಶ್ವೆ ಮಾಧವರಾಯ ಬಂದ. ಆಗ ಮೇ ತಿಂಗಳ ಆರಂಭದಲ್ಲಿ ಹಿರೇಕೆರೂರು ಸೀಮೆಯ ರಟ್ಟೀಹಳ್ಳಿಯಲ್ಲಿ ಹೈದರ್ ಸೋತು ಕಾಡಿನ ಅಂಚಿಗೆ ಸರಿಯಬೇಕಾಯಿತು. 1779ರಲ್ಲಿ ಬೀಗತನವಾಯಿತು: ಹೈದರನ ಮಗಳು ನವಾಬ ಅಬ್ದುಲ್ ಹಕೀಮ್ ಖಾನನ ಹಿರಿಯ ಮಗನಿಗೆ, ನವಾಬನ ಮಗಳು ಹೈದರನ ಎರಡನೇ ಮಗ ಕರೀಮನಿಗೆ. ಏಳೇ ವರ್ಷದಲ್ಲಿ, 1786ರ ಅಕ್ಟೋಬರಿನಲ್ಲಿ, ಟಿಪ್ಪುವಿನ ಸೇನೆ ಅದೇ ಬೀಗರ ಊರಿನ ಮುಂದೆ ಮರಾಠರೊಡನೆ ಕಾದಿತು. ನವಾಬ ಊರು ಬಿಟ್ಟು ಮರಾಠರ ಪಾಳೆಯ ಸೇರಿಕೊಂಡ. ಟಿಪ್ಪು ಸವಣೂರನ್ನು ಹೊಕ್ಕ.

ಬೇರ್ಡ್‌ಗೆ ಕೊಟ್ಟ ಖಡ್ಗದ ಮೇಲಿನ ಬರಹದಲ್ಲಿ ಇದೊಂದೂ ಇಲ್ಲ, ಇರಬೇಕೆಂದೂ ಅಲ್ಲ. ಆದರೆ 140 ಕೋಟಿಯ ಸುದ್ದಿ ಓದಿ ಹೆಮ್ಮೆಪಡುವವರೂ ಹಳಿಯುವವರೂ ಸವಣೂರಿನ ಓಣಿಯಲ್ಲಿ ನಿಂತು ಒಮ್ಮೆ ಯೋಚಿಸಿದರೆ ಒಳ್ಳೆಯದು. ಇಲ್ಲಿನ ಜನರಿಗೆ ಟಿಪ್ಪು ನೆಂಟನೂ ಹೌದು, ದಂಡೆತ್ತಿ ಬಂದವನೂ ಹೌದು. ಪೇಶ್ವೆ ಆಶ್ರಯವೂ ಹೌದು, ಮುತ್ತಿಗೆಯೂ ಹೌದು.

ಶ್ರೀರಂಗಪಟ್ಟಣ ಬಿದ್ದ ದಿನ ಸೆರೆಯಿಂದ ಹೊರಬಿದ್ದ ಚನ್ನಗಿರಿಯ ಧೋಂಡಿಯ ವಾಘನೂ ಈ ಸೀಮೆಯವರಿಗೆ ಪರಿಚಿತ. 1793ರಲ್ಲೇ ಅವನು ಹಾವೇರಿ, ಸವಣೂರುಗಳನ್ನು ಹಿಡಿದಿದ್ದ. 1800ರಲ್ಲಿ ಅವನನ್ನು ಬೇಟೆಯಾಡಲು ವೆಲ್ಲೆಸ್ಲಿ ತುಂಗಭದ್ರೆ ದಾಟಿ, ಜೂನ್ 27ರಂದು ರಾಣೇಬೆನ್ನೂರಿನ ಕೋಟೆಗೆ ಏಣಿ ಹಾಕಿಸಿದ. ತುಂಬಿದ ವರದೆಯನ್ನು ದಾಟಿ ಜುಲೈ ಎರಡನೇ ವಾರಕ್ಕೆ ಸವಣೂರಿನಲ್ಲಿ ಬೀಡುಬಿಟ್ಟ. ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಧೋಂಡಿಯ ಸತ್ತ. ಸಾಮಾನಿನ ಗಾಡಿಗಳ ನಡುವೆ ಅವನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕಿದ. ವೆಲ್ಲೆಸ್ಲಿ ಆ ಮಗುವನ್ನು ತನ್ನ ಡೇರೆಗೆ ಕರೆಸಿಕೊಂಡು ಸಾಕಿದ, ದೇಶ ಬಿಡುವಾಗ ಅವನ ಖರ್ಚಿಗೆ ಹಣವಿಟ್ಟು ಹೋದ. ಹುಡುಗ ಬೆಳೆದು ಮೈಸೂರು ಅರಸರ ಚಾಕರಿ ಸೇರಿ, 1822ರಲ್ಲಿ ವಾಂತಿಭೇದಿಗೆ ತುತ್ತಾದ. ವೆಲ್ಲೆಸ್ಲಿಯ ಸನ್ಮಾನಗಳ ಪಟ್ಟಿಯಲ್ಲಿ ಈ ಮಗುವಿಗೆ ಜಾಗವಿಲ್ಲ. ನನಗಾದರೋ ಕಲ್ಕತ್ತೆಯವರ ಸಾವಿರ ಪೌಂಡಿಗಿಂತ ಇದೇ ನೆನಪಿನಲ್ಲುಳಿಯುತ್ತದೆ.

ಈಗ ಹಾನಗಲ್ಲಿಗೆ. ತಾರಕೇಶ್ವರ ಗುಡಿಯ ತಾವರೆ ಚಾವಣಿ ನೋಡಲು ಹೋದವರು ವೀರಗಲ್ಲುಗಳ ಮುಂದೆಯೂ ನಿಲ್ಲಬೇಕು. ಹೊಯ್ಸಳ ಎರಡನೇ ಬಲ್ಲಾಳ 1196ರಲ್ಲಿ ಆನೆಕೆರೆಯ ಬಳಿ ಪಾಳೆಯ ಬಿಟ್ಟು ಕದಂಬರ ರಾಜಧಾನಿ ಹಾನಗಲ್ಲನ್ನು ಮುತ್ತಿದ್ದನ್ನು ಇಲ್ಲಿನ ಒಂದು ಸ್ಮಾರಕಶಿಲೆ ಹೇಳುತ್ತದೆ. ಕದಂಬ ಕಾಮದೇವನ ದಂಡನಾಯಕ ಸೋಹಣಿ ಎದುರು ನಿಂತ. ಹೊಯ್ಸಳರನ್ನು ಆ ಸಲ ಹಿಮ್ಮೆಟ್ಟಿಸಿದರು; ಸೋಹಣಿ ಮಡಿದ. ಅವನಿಗೆ ಸಂದ ಗೌರವ ಈ ಕಲ್ಲು.

ವೀರಗಲ್ಲಿನ ಕಟ್ಟಳೆ ಓದುಗರಿಗೆ ಗೊತ್ತಿರುವುದೇ. ಕೆಳಗಿನ ಪಟ್ಟಿಕೆಯಲ್ಲಿ ಕದನ, ನಡುವೆ ವೀರನನ್ನು ಕೈಹಿಡಿದು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ಇದನ್ನೂ ಬೇರ್ಡನ ಖಡ್ಗವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕತ್ತಿ ಬದುಕಿದವನಿಗೆ, ಕಲ್ಲು ಸತ್ತವನಿಗೆ. ಕತ್ತಿ ಮನೆಯ ಪೆಟ್ಟಿಗೆಯೊಳಗೆ, ಕಲ್ಲು ಊರ ಕಣ್ಣೆದುರಿಗೆ. ಕತ್ತಿಯ ಬರಹವನ್ನು ಕೊಟ್ಟವರು ಬರೆಸಿದರು, ಕಲ್ಲಿನಲ್ಲಿ ಮುತ್ತಿದವನ ಹೆಸರೂ ಇದೆ, ಅವನು ಬೀಡುಬಿಟ್ಟ ಕೆರೆಯ ಹೆಸರೂ ಇದೆ. ದನ ತರುಬಿದ ಕಳ್ಳರೊಡನೆ ಹೋರಾಡಿ ಸತ್ತ ಸಾಮಾನ್ಯ ಒಕ್ಕಲಿಗನಿಗೂ ಇದೇ ಬಗೆಯ ಕಲ್ಲು ನಿಂತಿದೆ. ತವರದ ಪದಕದ ಲೆಕ್ಕಾಚಾರ ಇಲ್ಲಿರಲಿಲ್ಲ.

ಹಾಗೆಂದು ನಮ್ಮವರಲ್ಲಿ ಬದುಕಿದ ಶೂರನಿಗೆ ಏನೂ ಸಲ್ಲುತ್ತಿರಲಿಲ್ಲವೆಂದಲ್ಲ. ಕಾಲಿಗೆ ಗಂಡಪೆಂಡಾರ ತೊಡಿಸುತ್ತಿದ್ದರು, ಕದನಕ್ಕೊಂದು ಬಿರುದು ಕೊಡುತ್ತಿದ್ದರು. ಗಂಗರ ದಂಡನಾಯಕ ಚಾವುಂಡರಾಯ ಗೋನೂರಿನ ಕಾಳಗದಿಂದ ವೀರಮಾರ್ತಾಂಡನಾದ, ಉಚ್ಚಂಗಿಯ ಕೋಟೆಯಿಂದ ರಣರಂಗಸಿಂಗನಾದ. ಇಂಗ್ಲಿಷರು ಅಲಗಿನ ಮೇಲೆ ಕದನದ ಹೆಸರು ಕೆತ್ತಿದಂತೆ ನಮ್ಮವರು ಮನುಷ್ಯನ ಹೆಸರಿಗೇ ಅದನ್ನು ಸೇರಿಸಿದರು. ಇದೇ ಚಾವುಂಡರಾಯನ ಗುರು ಅಜಿತಸೇನಾಚಾರ್ಯರು ಇದ್ದದ್ದು ಶಿಗ್ಗಾವಿ ತಾಲ್ಲೂಕಿನ ಬಂಕಾಪುರದಲ್ಲಿ.

ಬಂಕಾಪುರ ತಾನೇ ಒಂದು ಸನ್ಮಾನ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಸೇನಾನಿ ಬಂಕೇಯನ ಹೆಸರು ಆ ಊರಿಗೆ ನಿಂತಿದೆ. ಗಂಗರ ಮೇಲಿನ ದಂಡಯಾತ್ರೆಯಲ್ಲಿ ಅವನು ಕೇದಾಳದ ಕೋಟೆ ಹಿಡಿದು, ಕಾವೇರಿ ದಾಟಿ ಹೋದ ಸಾಹಸವನ್ನು ನರಗುಂದ ತಾಲ್ಲೂಕಿನ ಕೊಣ್ಣೂರಿನ ಶಾಸನ ವಿವರವಾಗಿ ಹೇಳುತ್ತದೆ. ಅದಕ್ಕೆ ಪ್ರತಿಯಾಗಿ ಅರಸ ಕೊಟ್ಟದ್ದೇನು? ಬಂಕೇಯನ ಬೇಡಿಕೆಯಂತೆ, 860ರಲ್ಲಿ, ಅವನು ಕಟ್ಟಿಸಿದ ಬಸದಿಗೆ ಒಂದು ಊರನ್ನೂ ಇನ್ನೂ ಹಲವು ಊರುಗಳಲ್ಲಿ ಭೂಮಿಯನ್ನೂ ಬಿಟ್ಟ. ದಂಡನಾಯಕ ತನಗಾಗಿ ಏನೂ ಕೇಳದ ಸನ್ಮಾನ ಅದು. ಇಂದು ಬಂಕಾಪುರದ ಕೋಟೆಯೊಳಗೆ ಅರವತ್ತು ಕಂಬದ ನಗರೇಶ್ವರ ಗುಡಿಯಿದೆ, ನವಿಲುಧಾಮವಿದೆ. ಬಂಕೇಯನ ಹೆಸರು ಬಸ್ಸಿನ ಫಲಕದ ಮೇಲಿದೆ.

ಕತ್ತಿಗೂ ಸನ್ಮಾನಕ್ಕೂ ನೇರ ನಂಟಿರುವ ನಮ್ಮದೇ ಪದ್ಧತಿಯೊಂದಿತ್ತು. ಅದು ಬಾಳ್ಗಚ್ಚು. ಕದನ ಮುಗಿದ ಮೇಲೆ ಶೂರನ ಬಾಳನ್ನು, ಅಂದರೆ ಕತ್ತಿಯನ್ನು, ತೊಳೆದು ಅವನಿಗೆ ಭೂಮಿಯನ್ನು ಧಾರೆಯೆರೆಯುವುದು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಇದಕ್ಕೆ ಹೆಸರಾದ ಸಾಕ್ಷಿ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ರಾಷ್ಟ್ರಕೂಟ ಮೂರನೇ ಕೃಷ್ಣ ಮೆಚ್ಚಿ ಅವನಿಗೆ ಬನವಾಸಿ ಹನ್ನೆರಡು ಸಾವಿರವನ್ನೂ ಬೆಳ್ವೊಲ, ಪುರಿಗೆರೆ ಮೊದಲಾದ ನಾಡುಗಳನ್ನೂ ಕೊಟ್ಟ. ಹಿರೇಕೆರೂರು ಕಡೆಯ ನಾಡುಗಳು ಆ ಬನವಾಸಿಯೊಳಗೇ ಇದ್ದವು. ಬೂತುಗ ತನ್ನ ಆಳು ಮಣಲೇರನ ಕಾದಾಟಕ್ಕೆ ಮೆಚ್ಚಿ, ಬೇಕಾದ್ದು ಕೇಳು ಎಂದ. ಮಣಲೇರ ಕೇಳಿದ್ದು ಅರಸನ ಬೇಟೆನಾಯಿ ಕಾಳಿಯನ್ನು. ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ ಸತ್ತಾಗ ಅದರ ನೆನಪಿಗೂ ಕಲ್ಲು ನಿಲ್ಲಿಸಿದರು. ಅದೇ ಕಲ್ಲಿನ ಮೇಲೆ, ಮಣಲೇರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಬಾಳ್ಗಚ್ಚಾಗಿ ಕೊಟ್ಟ ಸಂಗತಿ ಇದೆ. ಇಲ್ಲಿ ಕತ್ತಿ ಪಡೆದವನದೇ, ಕಾದಾಟದಲ್ಲಿ ರಕ್ತ ಕಂಡದ್ದು. ಅದನ್ನು ತೊಳೆಯುವುದೇ ಮರ್ಯಾದೆ. ಹೊಸ ಹೊಳಪಿನ ಕತ್ತಿ ಮಾಡಿಸಿಕೊಡುವುದಕ್ಕಿಂತ ಈ ಪದ್ಧತಿಯಲ್ಲಿ ಹೆಚ್ಚು ಪ್ರಾಮಾಣಿಕತೆಯಿದೆ ಎಂದು ನಾನು ನಂಬುತ್ತೇನೆ.

ಶಿಗ್ಗಾವಿ ತಾಲ್ಲೂಕಿನದೇ ಇನ್ನೊಂದು ಊರು ಬಾಡ, ಕನಕದಾಸರು ಹುಟ್ಟಿದ್ದು ಅಲ್ಲಿ. ವಿಜಯನಗರದ ಕೈಕೆಳಗೆ ಡಣ್ಣಾಯಕರಾಗಿದ್ದ ತಿಮ್ಮಪ್ಪ ನಾಯಕರು ಯುದ್ಧವೊಂದರಲ್ಲಿ ಮಾರಣಾಂತಿಕವಾಗಿ ಗಾಯಗೊಂಡು, ಬದುಕಿ ಉಳಿದ ಮೇಲೆ ಆಯುಧ ಬಿಟ್ಟು ಹರಿದಾಸರಾದರೆಂದು ಪರಂಪರೆ ಹೇಳುತ್ತದೆ. ಹಾವೇರಿ ಜಿಲ್ಲೆ ತನ್ನ ಸೇನಾಧಿಕಾರಿಗಳಲ್ಲಿ ಯಾರನ್ನು ಹೆಚ್ಚು ಗೌರವಿಸುತ್ತದೆ ಎಂದು ಕೇಳಿದರೆ ಉತ್ತರ ಇವರೇ.

ಈ ಸೀಮೆಯ ವಾಡೆಗಳಲ್ಲಿ, ದೇಸಾಯಿ, ನಾಡಗೌಡ, ಇನಾಮದಾರ ಮನೆತನಗಳಲ್ಲಿ ಹಳೆಯ ಕತ್ತಿಗಳು ಇನ್ನೂ ಇವೆ. ಅಂಥ ಮನೆಯವರಿಗೆ ಕೆಲವು ಮಾತು ಹೇಳಬೇಕಾಗಿದೆ, ಏಕೆಂದರೆ ಎಷ್ಟೋ ಬರಹಗಳು ಕಳ್ಳರಿಂದಲ್ಲ, ಪ್ರೀತಿಯಿಂದಲೇ ಅಳಿಸಿಹೋಗುತ್ತಿವೆ. ಮಹಾನವಮಿಯ ಖಂಡೇಪೂಜೆಗೆಂದು ಕತ್ತಿಯನ್ನು ಹುಣಸೆಹಣ್ಣು, ಬೂದಿ, ಉಸುಕುಕಾಗದದಿಂದ ತಿಕ್ಕುವುದು ನಮ್ಮಲ್ಲಿ ರೂಢಿ. ಕೋಫ್ತಗಾರಿಯ ಚಿನ್ನ ಕೂದಲೆಳೆಗಿಂತ ತೆಳು. ನಾಲ್ಕು ನವಮಿ ತಿಕ್ಕಿದರೆ ಹೋಯಿತು. ನೀಲಿ ಬಣ್ಣ ಒಂದೇ ತಿಕ್ಕಿಗೆ ಹೋಗುತ್ತದೆ. ಸಣ್ಣಗೆ ಕೆತ್ತಿದ ಹೆಸರುಗಳೂ ಸವೆಯುತ್ತವೆ. ಒದ್ದೆ ಅರಿಶಿನ ಕುಂಕುಮವನ್ನು ಅಲಗಿಗೆ ಹಚ್ಚಿ ಹಾಗೇ ಬಿಟ್ಟರೆ ಅದರಡಿಯಲ್ಲಿ ತುಕ್ಕು ಹಿಡಿಯುತ್ತದೆ. ಕುಂಕುಮವನ್ನು ಕತ್ತಿ ಇಟ್ಟ ಮಣೆಗೆ ಏರಿಸಬಹುದು, ಪೂಜೆಗೆ ಕುಂದಿಲ್ಲ. ಪೂಜೆಯ ಮೇಲೆ ಒಣ ಹತ್ತಿಬಟ್ಟೆಯಿಂದ ಒರೆಸಿ, ಹೊಲಿಗೆ ಮಷೀನಿಗೆ ಹಾಕುವಂಥ ತಿಳಿ ಎಣ್ಣೆಯನ್ನು ತೆಳ್ಳಗೆ ಸವರಿದರೆ ಸಾಕು. ಬರಿಗೈಯ ಬೆವರು ಅಲಗಿಗೆ ತಾಗಬಾರದು. ಚರ್ಮದ ಒರೆ ತೇವ ಹೀರುತ್ತದೆ, ಮಳೆಗಾಲದಲ್ಲಿ ಕತ್ತಿಯನ್ನು ಅದರೊಳಗೆ ಇಡದೆ ಬೇರೆಯಾಗಿ ಇಡುವುದು ಒಳ್ಳೆಯದು.

ಕತ್ತಿಯ ಮೇಲೆ ಹೆಸರಿದ್ದರೆ ಅದು ನಿಜವೇ ಎಂದು ಪರೀಕ್ಷಿಸಬೇಕು. ದೊಡ್ಡ ಹೆಸರಿದ್ದರೆ ಬೆಲೆ ಏರುವುದರಿಂದ ಆಮೇಲೆ ಕೆತ್ತಿಸಿದ ಬರಹಗಳು ಬೇಕಾದಷ್ಟಿವೆ. ಅಕ್ಷರದ ಗೀರು ಹಳೆಯ ಮೈಬಣ್ಣವನ್ನು ಸೀಳಿಕೊಂಡು ಹೊಸದಾಗಿ ಹೊಳೆಯುತ್ತಿದ್ದರೆ ಅನುಮಾನಪಡಿ. ಬರಹದ ತಾರೀಕಿನಂದು ಆ ಅಧಿಕಾರಿಗೆ ಆ ಹುದ್ದೆ ಇತ್ತೇ ಎಂದು ನೋಡಿ. ಸವಣೂರಿನಲ್ಲಿ ಬೀಡುಬಿಟ್ಟಿದ್ದ 1800ರಲ್ಲಿ ವೆಲ್ಲೆಸ್ಲಿ ಇನ್ನೂ ಕರ್ನಲ್, ಮೇಜರ್ ಜನರಲ್ ಆದದ್ದು 1802ರಲ್ಲಿ. ನಕಲಿ ಕೆತ್ತುವವರು ತಪ್ಪುವುದು ಇಂಥಲ್ಲೇ. ಪರ್ಷಿಯನ್, ಮೋಡಿ ಅಕ್ಷರಗಳಿದ್ದರೆ ಓದಬಲ್ಲವರಿಗೆ ತೋರಿಸುವ ಮೊದಲು ಉಜ್ಜಬೇಡಿ. ಓರೆಬೆಳಕಿನಲ್ಲಿ ಎರಡೂ ಮಗ್ಗುಲ ಫೋಟೊ ತೆಗೆದು, ಉದ್ದಗಲ ಅಳೆದು, ಕತ್ತಿ ಮನೆಗೆ ಹೇಗೆ ಬಂತೆಂದು ಹಿರಿಯರು ಹೇಳುವುದನ್ನು ಅವರ ಮಾತಿನಲ್ಲೇ ಬರೆದಿಡಿ. ಆ ಮಾತಿಲ್ಲದ ಕತ್ತಿ ಹರಾಜಿನವರಿಗೂ ಬರೀ ಕಬ್ಬಿಣ. 1972ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತುಗಳು ಪ್ರಾಚ್ಯವಸ್ತುಗಳೆನಿಸುತ್ತವೆ. ಖಾಸಗಿಯವರು ಅವನ್ನು ದೇಶದಾಚೆ ಒಯ್ಯುವಂತಿಲ್ಲ, ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ಮಾಡುವಂತೆಯೂ ಇಲ್ಲ. ಹೊಲ ಉಳುವಾಗ, ಪಾಯ ತೋಡುವಾಗ ವೀರಗಲ್ಲು ಸಿಕ್ಕರೆ ಬದುವಿಗೆ ಎಸೆಯದೆ, ಸುಣ್ಣ ಬಣ್ಣ ಬಳಿಯದೆ, ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸಬೇಕು.